ನಮ್ಮೊಳಗ ಹೊರಗ ಆಗೂದಿಲ್ರಿ

ನನ್ನ ಕೈಬರಹ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಡಾಕ್ಟರರ ಅಕ್ಷರ ಕೋಳಿ ಕೆದರಿದ ಹಾಗೆ ಎನ್ನುವ ಮಾತು ನನಗೆ ಹೊಂದುವುದಿಲ್ಲ. ಹಾಗಾಗಿಯೇ ಆ ಕೇಸ್ ಪೇಪರಿನಲ್ಲಿ ನಾನು ಬರೆದ ಸಾಲನ್ನು ಯಾರು ಬೇಕಾದರೂ ಓದಬಹುದಾಗಿತ್ತು: ಹತ್ತೊಂಬತ್ತು ವರ್ಷ, ಮದುವೆಯಾಗಿಲ್ಲ, ಮುಟ್ಟು ನಿಂತಿದೆ, ಐದು ತಿಂಗಳ ಬಸಿರು. ಈ ನಾಲ್ಕರಲ್ಲಿ ಎರಡು ಖರೆ, ಎರಡು ಸುಳ್ಳು. ಸುಳ್ಳು ಎರಡೂ ನನ್ನವು. ಆ ಹುಡುಗಿ ಬದುಕುತ್ತಾಳೋ ಇಲ್ಲವೋ ಎನ್ನುವುದು, ಆಮೇಲೆ ಅವಳ ಹೆಸರು ಉಳಿಯುತ್ತದೋ ಇಲ್ಲವೋ ಎನ್ನುವುದು, ಆ ಎರಡು ಸುಳ್ಳಿನ ಮೇಲೆ ನಿಂತಿತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಧಾರವಾಡದವಳು, ಗಂಡ ಬೆಳಗಾವಿಯವರು. ಅವರ ಬ್ಯಾಂಕು ಅವರನ್ನು ಗೋವಾದ ಮಡಗಾಂವಕ್ಕೆ ವರ್ಗ ಮಾಡಿದಾಗ ನಾನೂ ಜೊತೆಗೆ ಹೋಗಿ, ಅಲ್ಲಿಯ ಒಂದು ಆಸ್ಪತ್ರೆಯ ಹೆಂಗಸರ ವಿಭಾಗದಲ್ಲಿ ಕಿರಿಯ ಡಾಕ್ಟರಾಗಿ ಸೇರಿದೆ. ಅಲ್ಲಿ ಕೊಂಕಣಿ ನಡೆಯುತ್ತಿತ್ತು, ಮರಾಠಿ ನಡೆಯುತ್ತಿತ್ತು, ಇಂಗ್ಲಿಷಂತೂ ಸರಿಯೇ ಸರಿ. ಕನ್ನಡ ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಬರುವ ರೋಗಿಗಳಲ್ಲಿ ನೋಡಿದರೆ ಫಾತೋರ್ಡಾದ ಕಟ್ಟಡಗಳಲ್ಲಿ ಬುಟ್ಟಿ ಹೊರುವವರು, ಬೀಚಿನಲ್ಲಿ ಮಣಿಸರ ಮಾರುವವರು, ಕುಂಡಯಿ ಕಾರ್ಖಾನೆಗಳಲ್ಲಿ ದುಡಿಯುವವರು, ಎಲ್ಲ ನಮ್ಮ ವಿಜಾಪುರ, ಬಾಗಲಕೋಟೆ, ಗದಗಿನ ಕಡೆಯವರೇ. ಅವರು ಬಂದ ಕೂಡಲೇ ಆಯಾ ಓಡಿ ಬಂದು, ನಿಮ್ಮವರು ಬಂದಿದ್ದಾರೆ ಎಂದು ಕೊಂಕಣಿಯಲ್ಲಿ ಹೇಳುತ್ತಿದ್ದಳು. ನಾನು ಮಾಡುತ್ತಿದ್ದ ಕೆಲಸ ಅರ್ಧಕ್ಕೆ ಬಿಟ್ಟು ಏಳುತ್ತಿದ್ದೆ.

ನನಗೆ ಅದರ ಜಂಬ ಇತ್ತು, ಸುಳ್ಳೇಕೆ ಹೇಳಲಿ. ಹಿರಿಯ ಡಾಕ್ಟರುಗಳೂ ನನಗಾಗಿ ಕಾಯಬೇಕಲ್ಲ! ನಾಲ್ಕು ಮಾತಿನಲ್ಲಿ ರೋಗಿಯ ಬಾಯಿ ಬಿಡಿಸಿ ಒಂದು ಸಾಲಿನಲ್ಲಿ ಬರೆದು ಕೊಡುತ್ತಿದ್ದೆ. ಗೋವಾದ ಸಮಸ್ತ ಕನ್ನಡಿಗರ ವಕೀಲಿಬಾಯಿ ಎಂದು ಗಂಡ ಚೇಷ್ಟೆ ಮಾಡುತ್ತಿದ್ದರು. ಇನ್ನು ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಆ ಪೈಕಿ. ಆದರೆ ಒಂದು ವಿಷಯ ನಾನು ಆಗ ಗಮನಿಸಿರಲಿಲ್ಲ. ಬಂಗಾರ ಹಾಕಿಕೊಂಡು ಬಂದವರ ಮುಂದೆ ಆ ಸಿಟ್ಟು ಬರುತ್ತಿರಲಿಲ್ಲ, ಕೂಲಿಯವರ ಮುಂದೆ ಮಾತ್ರ ಬರುತ್ತಿತ್ತು.

ಒಂದು ಶಬ್ದದ ವಿಷಯ ಇಲ್ಲೇ ಹೇಳಿಬಿಡಬೇಕು. ನಮ್ಮ ಮನೆತನದಲ್ಲಿ ಹೆಂಗಸರು ಮುಟ್ಟಾದರೆ ಮುಟ್ಟು ಎನ್ನುವುದಿಲ್ಲ, "ಹೊರಗ ಆಗ್ಯಾಳ" ಎನ್ನುತ್ತಾರೆ. ಮೂರು ದಿನ ಅಡಿಗೆಮನೆ, ದೇವರಮನೆ ಬಿಟ್ಟು ಹೊರಗೆ ಕೂಡುವ ಪದ್ಧತಿ. ಧಾರವಾಡದಲ್ಲಿ ಅದಕ್ಕೆಂದು ಹಿಂದಿನ ಕೋಣೆಯಿತ್ತು. ಮಡಗಾಂವದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹಿಂದಿನ ಕೋಣೆ ಎಲ್ಲಿಂದ ತರುವುದು? ನಮ್ಮ ಅತ್ತೆಯವರು ಬಾಲ್ಕನಿಯಲ್ಲಿ ಚಾಪೆ ಹಾಸಿ ಕೊಡುತ್ತಿದ್ದರು. ಹೆಂಗಸರ ರೋಗಗಳನ್ನೇ ವರ್ಷಗಟ್ಟಲೆ ಓದಿ ಬಂದ ನಾನು ಬಾಲ್ಕನಿಯಲ್ಲಿ ಕೂತು, ಅವರು ಮೇಲಿನಿಂದ ಬಡಿಸಿದ ಅನ್ನ ಉಂಡು, ಒಂಬತ್ತಕ್ಕೆ ಆಸ್ಪತ್ರೆಗೆ ಹೋಗಿ ಕಂಡ ಕಂಡವರ ಹೊಟ್ಟೆ ಮುಟ್ಟಿ ಬರುತ್ತಿದ್ದೆ. ಇದರಲ್ಲಿ ವಿಚಿತ್ರವೇನೂ ನಮಗೆ ಯಾರಿಗೂ ಕಾಣುತ್ತಿರಲಿಲ್ಲ. ಆಸ್ಪತ್ರೆಗೆ ಬಂದ ಕನ್ನಡದ ಹೆಂಗಸರನ್ನೂ ನಾನು ನಮ್ಮ ಮನೆಯ ಮಾತಿನಲ್ಲೇ ಕೇಳುತ್ತಿದ್ದೆ, ಹೊರಗ ಯಾವಾಗ ಆಗಿದ್ದಿ ಎಂದು. ಮುಟ್ಟು ಎಂದು ಬಾಯಿಬಿಟ್ಟು ಹೇಳುವುದು ನನಗೆ ಅಸಹ್ಯವೆನಿಸುತ್ತಿತ್ತು.

ಚೌತಿ ಮುಗಿದ ವಾರ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ತಾಯಿ ಗಂಡನನ್ನು ಕಳೆದುಕೊಂಡವಳು. ಫಾತೋರ್ಡಾದಲ್ಲಿ ಏಳುತ್ತಿದ್ದ ಒಂದು ಕಟ್ಟಡಕ್ಕೆ ಸಿಮೆಂಟು ಹೊರುತ್ತ ಅಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದಳು. ಮಗಳು ಕುಂಡಯಿಯ ಒಂದು ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ ಮಾಡುತ್ತ ಸೋದರತ್ತೆಯ ಮನೆಯಲ್ಲಿದ್ದಳು. ಹಬ್ಬದ ರಜೆಗೆಂದು ಅವ್ವನ ಹತ್ತಿರ ಬಂದಾಗ, ಜಳಕ ಮಾಡಿಸುತ್ತಿದ್ದ ಅವ್ವನ ಕಣ್ಣಿಗೆ ಹೊಟ್ಟೆ ಬಿದ್ದಿದೆ. ತಾಯಿ ಇಷ್ಟನ್ನೂ ಸರಿಯಾಗಿ ಹೇಳಲಿಲ್ಲ. ಹೊಟ್ಟಿ ಯಾಕೋ ಉಬ್ಬಿದಂಗ ಆಗೇತ್ರಿ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗಳು ತೆಳ್ಳಗಿದ್ದಳು, ಕೈಬೆರಳಿಗೆ ಅಂಟು ಹತ್ತಿ ಒಣಗಿ ಸಿಪ್ಪೆ ಏಳುತ್ತಿತ್ತು, ಅದನ್ನೇ ಕೀಳುತ್ತ ನಿಂತಿದ್ದಳು.

ಮದುವೆಯಾಗದ ಹುಡುಗಿಯರು ತಾಯಿಯ ಎದುರು ಖರೆ ಹೇಳುವುದಿಲ್ಲ ಎಂದು ನಮಗೆ ಕಲಿಸಿದ್ದರು. ಅದಕ್ಕೆ ತಾಯಿಯನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಆಮೇಲೆ ನನ್ನ ಮಾಮೂಲಿ ಪ್ರಶ್ನೆ ಕೇಳಿದೆ.

"ಹೊರಗ ಯಾವಾಗ ಆಗಿದ್ದಿ?"

ಹುಡುಗಿ ಒಂದು ಕ್ಷಣ ನನ್ನ ಮುಖ ನೋಡಿದಳು. "ನಾ ಹೊರಗ ಆಗೂದಿಲ್ರಿ" ಎಂದಳು.

ನಿಂತುಹೋಗಿದೆ ಎಂದು ನಾನು ತಿಳಿದೆ. ಎಷ್ಟು ತಿಂಗಳಾಯಿತು ಎಂದು ಕೇಳಿದೆ. ಎರಡು ತಿಂಗಳಾಯಿತು, ಹೊಟ್ಟೆ ಭಾರ, ಬಲಕ್ಕೆ ನೋವು ಎಂದಳು. ಮಲಗಿಸಿ ಕೈಯಿಟ್ಟು ನೋಡಿದರೆ ಹೊಟ್ಟೆ ಹೊಕ್ಕಳಿನ ತನಕ ಏರಿತ್ತು, ಅಂದರೆ ಐದು ತಿಂಗಳಿನದು. ಯಾರಿಗೆ ಹೇಳುತ್ತೀ ಈ ಎರಡು ತಿಂಗಳ ಕಥೆ ಎಂದು ನನಗೆ ಆಗಲೇ ರೇಗಿತು. ಗಡ್ಡೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಸ್ವಲ್ಪ ಬಲಕ್ಕೆ ಸರಿದಿತ್ತು. ಕೊಳವೆಯಿಟ್ಟು ಕೇಳಿದರೆ ಕೂಸಿನ ಎದೆಬಡಿತ ಕೇಳಲಿಲ್ಲ. ಐದು ತಿಂಗಳಿಗೆ ಕೆಲವೊಮ್ಮೆ ಕೇಳುವುದಿಲ್ಲ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಎರಡೇ ತಿಂಗಳಲ್ಲಿ ಅಷ್ಟು ದೊಡ್ಡದಾಗುವ ವಸ್ತು ಹೊಟ್ಟೆಯಲ್ಲಿ ಬೇರೆ ಯಾವುದು ಇರಬಹುದು ಎಂದು ಯೋಚಿಸುವುದೇ ನನ್ನ ಕೆಲಸವಾಗಿತ್ತು. ಯೋಚಿಸಲಿಲ್ಲ.

ಮೂತ್ರದ ಪರೀಕ್ಷೆಗೆ ಕಳಿಸಿದೆ. ಆಗಿನ ಪರೀಕ್ಷೆಯಲ್ಲಿ ಕರಿ ಗಾಜಿನ ಪಟ್ಟಿಯ ಮೇಲೆ ಮೂತ್ರದ ಹನಿ, ಔಷಧದ ಹನಿ ಬೆರೆಸಿ ಅಲುಗಾಡಿಸುತ್ತಿದ್ದರು. ಸಣ್ಣ ಕಾಳು ಕಟ್ಟಿದರೆ ಬಸಿರಿಲ್ಲ, ಹಾಲಿನಂತೆ ಉಳಿದರೆ ಬಸಿರು. ಹಾಲಿನಂತೆಯೇ ಉಳಿಯಿತು. ಊರಿನಲ್ಲಿ ಖಾಸಗಿಯವರ ಹತ್ತಿರ ಹೊಟ್ಟೆಯೊಳಗಿನದನ್ನು ತೋರಿಸುವ ಸೋನೋಗ್ರಫಿ ಯಂತ್ರ ಬಂದಿತ್ತು, ಚೀಟಿ ಬರೆದರೆ ಮಾಡಿಸಿಕೊಂಡು ಬರಬಹುದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಬಿಟ್ಟೆ.

ಯಾರದು ಎಂದು ಕೇಳಿದೆ. ನಾ ಏನೂ ಮಾಡಿಲ್ರಿ ಬಾಯಾರ ಎಂದಳು. ಮತ್ತೆ ಕೇಳಿದೆ, ಮತ್ತೆ ಅದೇ. ಮೂರನೆಯ ಸಲಕ್ಕೆ ನಾನು ಪೆನ್ನು ಮೇಜಿನ ಮೇಲೆ ಒಗೆದೆ. "ನೀ ಸುಳ್ಳ ಹೇಳತಿ, ಹೊಟ್ಟೀನೂ ಸುಳ್ಳ ಹೇಳತದೇನು?" ಎಂದೆ. ಹೊರಗೆ ಸಾಲಿನಲ್ಲಿ ಕೂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಎಂದೆ. ಅವರಲ್ಲಿ ಕನ್ನಡ ತಿಳಿಯುವವಳು ಒಬ್ಬಳೇ ಇದ್ದಳು, ಅವಳ ತಾಯಿ. ಹುಡುಗಿ ಅಳಲಿಲ್ಲ. ಅಳದೆ ಇದ್ದದ್ದನ್ನು ನಾನು ಭಂಡತನ ಎಂದು ತಿಳಿದೆ.

ತಾಯಿ ಒಳಗೆ ಬಂದು ಮಗಳ ಬೆನ್ನಿಗೆ ಒಂದು ಏಟು ಹಾಕಿದಳು, ಆಮೇಲೆ ತನ್ನ ಹಣೆಗೆ ಹಾಕಿಕೊಂಡಳು. ತೆಗೆಯಲಿಕ್ಕೆ ಆಗುವುದೋ ಎಂದು ಕೇಳಿದಳು. ಐದು ತಿಂಗಳಾದ ಮೇಲೆ ಹಾಗೆಲ್ಲ ಆಗುವುದಿಲ್ಲ, ಕಾಯದೆಯಿದೆ, ಹದಿನೈದು ದಿನ ಬಿಟ್ಟು ಬಾ ಎಂದು ಬಸುರಿಯರಿಗೆ ಕೊಡುವ ಕಾರ್ಡು ಬರೆದು ಕೊಟ್ಟೆ. ಹೀಗೆ ಮಗಳನ್ನು ದೂರ ಇಟ್ಟರೆ ಮತ್ತೇನಾಗುತ್ತದೆ ಎಂದು ಬುದ್ಧಿಯನ್ನೂ ಹೇಳಿದೆ. ಆ ದಿನ ಮನೆಯಲ್ಲಿ ಊಟದ ಹೊತ್ತಿಗೆ ಇದನ್ನು ಕಥೆ ಮಾಡಿ ಹೇಳಿದ್ದೂ ನೆನಪಿದೆ. ಕಾಲ ಕೆಟ್ಟದ ಎಂದು ಅತ್ತೆಯವರು ಲೊಚಗುಟ್ಟಿದರು, ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಹದಿನೈದು ದಿನಕ್ಕೆ ಅವರು ಬರಲಿಲ್ಲ. ಮೂರೂವರೆ ವಾರಕ್ಕೆ ಕಟ್ಟಡದ ಟೆಂಪೋದಲ್ಲಿ ಹಾಕಿಕೊಂಡು ಬಂದರು. ಹುಡುಗಿಗೆ ನಿಲ್ಲಲು ಆಗುತ್ತಿರಲಿಲ್ಲ. ಮುಖ ಬೂದಿಯಾಗಿತ್ತು, ಜ್ವರವಿತ್ತು, ಹೊಟ್ಟೆ ಎದೆಗೂಡಿನ ತನಕ ಬಿಗಿದಿತ್ತು. ಏನು ಮಾಡಿದಿರಿ ಎಂದು ತಾಯಿಯನ್ನು ಕೇಳಿದೆ. ರೈಲ್ವೆ ಹಳಿಯ ಆಚೆ ಒಬ್ಬ ಹೆಂಗಸಿದ್ದಾಳೆ, ಅವಳಿಂದ ಮೂರು ದಿನ ಔಡಲೆಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸಿದೆ, ಇಳಿಯಲಿಲ್ಲ ಎಂದಳು. ನಾನು ಕೂಗಾಡಿದೆ. ಎಂಥ ತಾಯಿ ನೀನು, ಮಗಳನ್ನು ಕೈಯಾರೆ ಕೊಲ್ಲಲು ಹೊರಟೆಯಾ ಎಂದೆ. ಅವಳು ಗೋಡೆಗೆ ಆತು ನಿಂತು ಎಲ್ಲ ಕೇಳಿಸಿಕೊಂಡಳು. ಹೊರಗೆ ಹೋಗಿ ಕೂಡು ಎಂದು ಕಳಿಸಿಬಿಟ್ಟೆ.

ಅಷ್ಟರಲ್ಲಿ ನಮ್ಮ ವಿಭಾಗದ ಹಿರಿಯ ಡಾಕ್ಟರು, ಮೇಡಂ, ಬಂದರು. ಗೋವಾದವರೇ, ಕಡಿಮೆ ಮಾತಿನ ಹೆಂಗಸು. ಹೊಟ್ಟೆಯನ್ನು ಎರಡೂ ಕಡೆಯಿಂದ ಒತ್ತಿ ನೋಡಿದರು. ಕಡೆಯ ಮುಟ್ಟು ಯಾವಾಗ ಎಂದು ಮತ್ತೊಮ್ಮೆ ಕೇಳು ಎಂದರು. ನಾನು ಹುಡುಗಿಯ ಕೈಗೆ ಸಲಾಯಿನ್ ಸೂಜಿ ಹಾಕುತ್ತಲೇ, ಹೊರಗ ಆಗೂದು ನಿಂತು ಖರೇ ಎಷ್ಟು ತಿಂಗಳಾತು ಹೇಳು ಎಂದು ಗದರಿಸಿ ಕೇಳಿದೆ.

ಅವಳು ಕಣ್ಣು ತೆರೆಯಲಿಲ್ಲ. "ನಮ್ಮೊಳಗ ಹೊರಗ ಆಗೂದಿಲ್ರಿ ಬಾಯಾರ. ನಾವು ಲಿಂಗಾ ಕಟಗೊಂಡವರು. ಮುಟ್ಟ ಆದ್ರೂ ಒಳಗ ಇರತೇವಿ."

"ಮುಟ್ಟ ಆಗತಿಯೇನು?"

"ಆಗತೇನ್ರಿ. ತಿಂಗಳಾ ಆಗತೇನಿ. ಹ್ವಾದ ತಿಂಗಳಾ ಎರಡು ಸಲಾ ಆದೆ."

ಲಿಂಗಾಯತರು ಮುಟ್ಟಿನ ಮೈಲಿಗೆ ಹಿಡಿಯುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇ? ಧಾರವಾಡದಲ್ಲಿ ಶಾಲೆಯಲ್ಲಿ ನನ್ನ ಪಕ್ಕ ಕೂತವರೇ ಅವರು. ನಿಮ್ಮ ಅವ್ವ ಹೊರಗೆ ಯಾಕೆ ಕೂಡುವುದಿಲ್ಲ ಎಂದು ನಾನೇ ಚಿಕ್ಕಂದಿನಲ್ಲಿ ಗೆಳತಿಯನ್ನು ಕೇಳಿದ್ದೆ. ಗೊತ್ತಿತ್ತು, ಆದರೆ ಕೂಲಿಯವಳೊಬ್ಬಳ ಉತ್ತರ ಕೇಳುವಾಗ ಅದು ನೆನಪಿಗೆ ಬರಬೇಕಿತ್ತಲ್ಲ. ನಾನು ಕೇಳಿದ್ದು ಮುಟ್ಟು ಬಂತೇ ಎಂದು. ಅವಳು ಹೇಳಿದ್ದು ನಾವು ಮೈಲಿಗೆ ಆಚರಿಸುವುದಿಲ್ಲ ಎಂದು. ಇಬ್ಬರೂ ಕನ್ನಡದಲ್ಲೇ ಮಾತಾಡಿದ್ದೆವು.

ಏನು ಹೇಳಿದಳು ಎಂದು ಮೇಡಂ ಕೇಳಿದರು. ಹೇಳಿದೆ. ಅವರು ಹಳೆಯ ಕೇಸ್ ಪೇಪರು ತೆಗೆಸಿದರು. ಇದನ್ನು ಯಾರು ಬರೆದದ್ದು ಎಂದು ಅವರು ಕೇಳುವ ಮೊದಲೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ, ಭಾಷೆಯ ತೊಂದರೆಯಾಯಿತು ಮೇಡಂ ಎಂದುಬಿಟ್ಟೆ. ಅವರು ನನ್ನನ್ನು ನೋಡಿದರು. ಭಾಷೆ ನಿನ್ನದೇ ಅಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿ, ಕೈ ತೊಳೆಯಲು ಹೋದರು.

ಅದೇ ಮಧ್ಯಾಹ್ನ ಹೊಟ್ಟೆ ತೆರೆದರು. ನಾನು ಎದುರು ನಿಂತು ಕೊಯ್ದ ಜಾಗವನ್ನು ಅಗಲಿಸುವ ಕೊಕ್ಕೆ ಹಿಡಿದಿದ್ದೆ. ಬಲಗಡೆಯ ಅಂಡಾಶಯ ಇದ್ದ ಜಾಗದಲ್ಲಿ ಸುಲಿದ ತೆಂಗಿನಕಾಯಿಗಿಂತ ದೊಡ್ಡ ಗಡ್ಡೆ. ಅದರ ಸಿಪ್ಪೆ ಒಂದು ಕಡೆ ಒಡೆದು ರಕ್ತ, ಚೂರು ಹೊಟ್ಟೆಯ ತುಂಬ ಹರಡಿದ್ದವು. ಎಡಗಡೆಯದು ಚೆನ್ನಾಗಿತ್ತು, ಅದನ್ನು ಉಳಿಸಿದರು. ಗರ್ಭಕೋಶ ಪೇರಲಕಾಯಿಯಷ್ಟಿತ್ತು. ಬಸಿರಿನ ಗುರುತೇ ಅದರಲ್ಲಿರಲಿಲ್ಲ. ಮೇಡಂ ಅದನ್ನು ಎರಡು ಬೆರಳಿನಲ್ಲಿ ಎತ್ತಿ ನನಗೆ ತೋರಿಸಿದರು.

ಗಡ್ಡೆಯ ತುಂಡುಗಳನ್ನು ಗಾಜಿನ ಪಟ್ಟಿಯ ಮೇಲಿಟ್ಟು ಓದುವ ಡಾಕ್ಟರು ಬೇರೆ ಊರಿನಲ್ಲಿದ್ದರು. ವರದಿ ಬರುವ ತನಕ ಕಾಯಲಾಗದೆ ನಾನೇ ಬಸ್ಸು ಹತ್ತಿ ಹೋದೆ. ಅವರು ನನಗೂ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಮೊಟ್ಟೆಯಾಗಬೇಕಾದ ಮೂಲ ಕೋಶಗಳೇ ಹುಚ್ಚೆದ್ದು ಬೆಳೆಯುವ ಕ್ಯಾನ್ಸರು ಇದು, ಅಪರೂಪದ್ದು, ಬರುವುದು ಹೆಚ್ಚಾಗಿ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗಿಯರಿಗೆ, ವಾರ ವಾರಕ್ಕೆ ಬೆಳೆಯುತ್ತದೆ ಎಂದರು. ಇದರ ಕೆಲವು ಕೋಶಗಳು ಬಸುರಿಯ ಮಾಸು ಹುಟ್ಟಿಸುವ ರಸವನ್ನೇ ಹುಟ್ಟಿಸುತ್ತವೆ, ಹಾಗಾಗಿ ಮೂತ್ರದ ಪರೀಕ್ಷೆ ಬಸಿರು ಎನ್ನುತ್ತದೆ. ನೀವು ಓದಿರಬೇಕಲ್ಲ ಎಂದರು. ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಒಡೆಯುವ ಮೊದಲು, ಒಂದು ತಿಂಗಳು ಮುಂಚೆ ತೆಗೆದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಹಾಗೆ ಹೇಳಲಾಗದು ಎಂದು ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಒಳ್ಳೆಯವರು, ಆ ಉತ್ತರ ನನ್ನ ಮೇಲಿನ ಕನಿಕರದಿಂದ ಬಂದದ್ದು ಎಂದು ನನಗೆ ತಿಳಿಯಿತು.

ಮುಂಬೈಗೆ ಕಳಿಸಬೇಕು, ಅಲ್ಲಿ ಹೊಸ ಔಷಧಗಳು ಬಂದಿವೆ, ಇನ್ನೂ ಆಸೆಯಿದೆ ಎಂದು ಮೇಡಂ ನಿರ್ಧರಿಸಿದರು. ಕಳಿಸುವ ಹಿಂದಿನ ದಿನ ನಾನು ವಾರ್ಡಿಗೆ ಹೋದಾಗ ಹುಡುಗಿ ಎದ್ದು ಕೂತಿದ್ದಳು. ನನಗೆ ಬಸಿರು ಇರಲಿಲ್ಲ ಹೌದಲ್ಲೋ ಎಂದು ಕೇಳಿದಳು. ಇರಲಿಲ್ಲ ಎಂದೆ. ಅವಳ ಮುಖ ಎಷ್ಟು ಹಗುರಾಯಿತು ಎಂದರೆ, ಕ್ಯಾನ್ಸರಿನ ಸುದ್ದಿ ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ ಎಂದು ನನಗೆ ಅನುಮಾನವಾಯಿತು. ಬಿದ್ದಿತ್ತು.

"ಅವ್ವಗ ನೀವ ಹೇಳ್ರಿ ಬಾಯಾರ" ಎಂದಳು. "ನಾ ಹೇಳಿದ್ರ ಆಕಿ ನಂಬವಲ್ಲಳು. ನೀವು ಹೇಳಿದ್ದು ನಂಬತಾಳ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅಲ್ಲಿಂದ ಎದ್ದು ವರಾಂಡಕ್ಕೆ ಹೋಗುವ ಇಪ್ಪತ್ತು ಹೆಜ್ಜೆಯಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ತಪ್ಪು ನನ್ನದು, ನಿನ್ನ ಮಗಳು ಶುದ್ಧ ಇದ್ದಾಳೆ, ನಾನು ಕೇಳಿದ ರೀತಿಯೇ ತಪ್ಪು. ಇಷ್ಟೇ. ತಾಯಿ ನೆಲದ ಮೇಲೆ ಕೂತಿದ್ದವಳು ನನ್ನನ್ನು ಕಂಡು ಗಡಬಡಿಸಿ ಎದ್ದಳು. ಮೊನ್ನೆ ನಾನು ಕೂಗಾಡಿದ್ದರಿಂದ ಅವಳಿಗೆ ನನ್ನ ಹೆದರಿಕೆ ಇನ್ನೂ ಹೋಗಿರಲಿಲ್ಲ. ಪಕ್ಕದಲ್ಲಿ ಸಿಸ್ಟರು ಔಷಧದ ಟ್ರೇ ಹಿಡಿದು ನಿಂತಿದ್ದಳು. ಹೊಟ್ಟೆಯಲ್ಲಿ ಕೆಟ್ಟ ಗಡ್ಡೆ ಇತ್ತು, ಅದರಿಂದ ಬಸಿರಿನ ಹಾಗೆ ಕಂಡಿತು ಎಂದೆ. ಕಂಡಿತು ಎಂದೆ. ಯಾರಿಗೆ ಕಂಡಿತು ಎಂಬುದನ್ನು ಹೇಳಲಿಲ್ಲ.

ತಾಯಿ ಬಹಳ ಹೊತ್ತು ಅದನ್ನು ಮನಸ್ಸಿನಲ್ಲಿ ತಿರುವಿ ಹಾಕಿದಳು. ಹುಡುಗಿಯನ್ನು ಇಟ್ಟುಕೊಂಡಿದ್ದ ಕುಂಡಯಿಯ ನಾದಿನಿ ಕೂಡ ಅವಳು ತಿಂಗಳ ತಿಂಗಳ ಮುಟ್ಟಾಗುತ್ತಿದ್ದಳು ಎಂದು ಆಣೆ ಹಾಕಿ ಹೇಳಿದ್ದಳಂತೆ. ನಿನ್ನ ಮನೆಯಲ್ಲಿ ಇಟ್ಟುಕೊಂಡು ಕೆಡಿಸಿದ್ದನ್ನು ಮುಚ್ಚಲು ಹೀಗೆ ಹೇಳುತ್ತೀ ಎಂದು ಇವಳು ಆ ಮನೆಯ ನೀರು ಬಿಟ್ಟು ಬಂದಿದ್ದಳಂತೆ. ಡಾಕ್ಟರಬಾಯಿ ಸುಳ್ಳು ಹೇಳುತ್ತಾಳೆಯೇ ಎಂಬುದು ಅವಳ ವಾದ. ಕೊನೆಗೆ ನನ್ನನ್ನೇ ಕೇಳಿದಳು.

"ಅಂದ್ರ ಬಸಿರು ಗಡ್ಡಿ ಆತೇನ್ರಿ?"

ಅಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಬಸಿರಿನಿಂದಲೇ ಹುಟ್ಟುವ ಇಂಥದೇ ಇನ್ನೊಂದು ಗಡ್ಡೆಯಿದೆ, ಪುಸ್ತಕದಲ್ಲಿದೆ. ಆ ಕ್ಷಣದಲ್ಲಿ ಹಾಳಾದ ನನ್ನ ವಿದ್ಯೆ ಅದನ್ನೇ ನೆನಪಿಸಿ ಕೊಟ್ಟಿತು. ಸಿಸ್ಟರು ನನ್ನನ್ನು ನೋಡುತ್ತಿದ್ದಳು. ಅವಳಿಗೆ ಕನ್ನಡ ತಿಳಿಯದು, ಆದರೂ ಅವಳ ಎದುರು ಒಬ್ಬ ಕೂಲಿ ಹೆಂಗಸಿಗೆ ನಾನು ಕೈ ಮುಗಿದು ನಿಲ್ಲುವುದು ನನ್ನಿಂದಾಗಲಿಲ್ಲ.

"ಹೂಂ, ಹಂಗ ತಿಳಕೋ" ಎಂದೆ.

ವಾಪಸು ವಾರ್ಡಿನ ಮುಂದೆ ಹಾಯುವಾಗ ಹುಡುಗಿ, ಹೇಳಿದ್ರೇನ್ರಿ ಎಂದು ಕೇಳಿದಳು. ಹೇಳಿದೆ ಎಂದು ತಲೆ ಆಡಿಸಿದೆ. ಅವಳು ನಕ್ಕಳು. ನಾನು ಅವಳ ನಗು ಕಂಡದ್ದು ಅದೊಂದೇ ಸಲ.

ಮುಂಬೈಗೆ ಹೋಗುವ ಬಸ್ಸಿಗೆ ನಾನೇ ರಿಕ್ಷಾ ಮಾಡಿಸಿ ಕೊಟ್ಟೆ, ಅಲ್ಲಿಯ ಡಾಕ್ಟರರಿಗೆ ಎರಡು ಪುಟದ ಪತ್ರ ಬರೆದೆ, ನನ್ನ ಒಂದು ಸ್ವೆಟರು ಕೊಟ್ಟೆ. ಹೀಗೆ ಏನೇನೋ ಕೊಟ್ಟೆ. ಕೊಡಬೇಕಾದ್ದೊಂದನ್ನು ಬಿಟ್ಟು.

ಇನ್ನು ನನ್ನ ಖ್ಯಾತಿಯ ಕಥೆ. ಅದನ್ನೂ ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಆಸ್ಪತ್ರೆಗೂ ಸೋನೋಗ್ರಫಿ ಯಂತ್ರ ಬಂತು, ಈ ಗಡ್ಡೆಗಳ ಗುರುತು ಹೇಳುವ ರಕ್ತಪರೀಕ್ಷೆಗಳನ್ನು ಹೊರಗೆ ಮಾಡಿಸುವ ಅನುಕೂಲವಾಯಿತು. ಎಳೆಯ ಹುಡುಗಿಯ ಹೊಟ್ಟೆಯಲ್ಲಿ ಗಡ್ಡೆ ಎಂದರೆ ಸಾಕು, ಬಸಿರಿನ ಪರೀಕ್ಷೆ ಏನೇ ಹೇಳಲಿ, ನಾನು ಅವೆರಡೂ ಆಗದೆ ಒಂದಕ್ಷರ ಬರೆಯಗೊಡುತ್ತಿರಲಿಲ್ಲ. ಮುಟ್ಟು ಎಂಬ ಮಾತನ್ನು ಬಾಯಿ ತುಂಬ ಆಡಲು ಕಲಿತೆ. ಬಂದ ದಿನ ಯಾವುದು, ಹೋದ ದಿನ ಯಾವುದು, ಬಟ್ಟೆ ಎಷ್ಟು, ಎಲ್ಲ ಬಿಡಿಸಿ ಕೇಳುತ್ತಿದ್ದೆ. ಕಾಣಕೋಣದಿಂದ ಹದಿನೇಳರ ಹುಡುಗಿಯೊಬ್ಬಳು ಬಂದಳು. ಅವಳ ತಂದೆತಾಯಿ ಬೀಚಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು. ಬೇರೆ ಯಾರೋ ಅವಳ ಚೀಟಿಯಲ್ಲಿ ಬಸಿರು ಎಂದು ಬರೆದಿದ್ದರು. ನಾನು ಹಾಗಲ್ಲ ಎಂದೆ, ವಾರದೊಳಗೆ ಒಂದು ಅಂಡಾಶಯ ತೆಗೆಸಿ ಔಷಧ ಕೊಡಿಸಿದೆ. ಐದಾರು ವರ್ಷದ ಮೇಲೆ ಅವಳು ಕೂಸನ್ನು ಎತ್ತಿಕೊಂಡು ತೋರಿಸಲು ಬಂದಿದ್ದಳು.

ನನ್ನ ಕಣ್ಣು ಬಹಳ ಚುರುಕು ಎಂದು ಹೆಸರಾಯಿತು. ಕಲಿಯುವ ಡಾಕ್ಟರುಗಳ ಮುಂದೆ ಈ ವಿಷಯದ ಮೇಲೆ ಮಾತಾಡಿ ಎಂದು ಕರೆದರು. ಹೋದೆ, ಕಾಣಕೋಣದ ಹುಡುಗಿಯ ಕಥೆ ಹೇಳಿದೆ. ನಿಮಗೆ ಅನುಮಾನ ಬಂದದ್ದು ಹೇಗೆ ಎಂದು ಒಬ್ಬಳು ಎದ್ದು ಕೇಳಿದಳು. ಅನುಭವ ಎಂದೆ. ಚಪ್ಪಾಳೆ ಹೊಡೆದರು. ಥೂ ನನ್ನ ಜನ್ಮಕ್ಕೆ ಎಂದುಕೊಳ್ಳುತ್ತ ಚಹಾ ಕುಡಿದು, ಕೊಟ್ಟ ಹೂಗುಚ್ಛ ಹಿಡಿದುಕೊಂಡು ಮನೆಗೆ ಬಂದೆ. ಆ ವರ್ಷಗಳಲ್ಲಿ ಎರಡು ಸಲ ಫಾತೋರ್ಡಾಕ್ಕೆ ಹೋಗಿ ಆ ತಾಯಿಯನ್ನು ಹುಡುಕಿದ್ದೂ ಉಂಟು. ಕಟ್ಟಡ ಮುಗಿದು ಅದರಲ್ಲಿ ಜನ ಸಂಸಾರ ಮಾಡುತ್ತಿದ್ದರು, ಕೂಲಿಯವರು ಎಲ್ಲಿ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ. ಯಾಕೆ ಹುಡುಕಿದೆ ಎಂದು ಹೇಳಬೇಕಾದರೆ ಅವಳು ಕೊನೆಯ ಸಲ ನನ್ನ ಹತ್ತಿರ ಬಂದ ದಿನದ್ದನ್ನು ಹೇಳಬೇಕು. ಇದನ್ನು ನಾನು ಗಂಡನಿಗೂ ಹೇಳಿಲ್ಲ.

ಹುಡುಗಿಯನ್ನು ಮುಂಬೈಗೆ ಕಳಿಸಿ ಆರು ತಿಂಗಳಾಗಿತ್ತು. ಬಿಸಿಲು ಏರುತ್ತಿದ್ದ ದಿನಗಳು, ಬೆಳಗಿನ ರೋಗಿಗಳ ಸಾಲು ಇನ್ನೂ ಕರಗಿರಲಿಲ್ಲ. ತಾಯಿ ಒಬ್ಬಳೇ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದ ಮೇಲೆ ಒಳಗೆ ಬಂದಳು. ಕುಳಿತುಕೊಳ್ಳಲಿಲ್ಲ. ಮುಂಬೈ ಆಸ್ಪತ್ರೆಯ ಕಾಗದಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದಳು, ನಿಮ್ಮವು, ನಮ್ಮ ಹತ್ತಿರ ಇದ್ದು ಏನು ಮಾಡುವುದು ಎಂದು ಮೇಜಿನ ಮೇಲಿಟ್ಟಳು. ಶಿವರಾತ್ರಿಯ ಮುಂದೆ ಹೋದಳು ಎಂದಳು. ನಾನು ಏನೋ ಹೇಳಿದೆ, ಬಹಳ ಕೆಟ್ಟದಾಯಿತು ಎಂದೋ ಏನೋ. ಅವಳು ಹೋಗಲಿಲ್ಲ, ಇನ್ನೇನೋ ಹೇಳಬೇಕಿತ್ತು. ಮುಂದಿನ ರೋಗಿ ಬಾಗಿಲಲ್ಲಿ ಇಣುಕಿದಳು, ನಾನು ತಾಳು ಎಂದು ಕೈ ಮಾಡಿದೆ.

"ಆಕಿ ಕಡೀತನಕಾ ಸುಳ್ಳ ಹೇಳಿದಳ್ರೀ ಬಾಯಾರ" ಎಂದಳು. "ಕೂದಲಾ ಎಲ್ಲಾ ಉದುರಿ ಹ್ವಾದ ಮ್ಯಾಲೂ, ಅವ್ವಾ, ನಾ ಏನೂ ಮಾಡಿಲ್ಲ, ಬೇಕಾದ್ರ ಗೋವಾದ ಬಾಯಾರನ್ನ ಕೇಳು, ಅವರು ನಿನಗ ಹೇಳ್ಯಾರಲ್ಲಾ ಅಂತಿದ್ದಳು. ನೀವು ಹೇಳಿದ್ದು ನನಗ ಗೊತ್ತಿತ್ತಲ್ರಿ. ಸಾಯೂ ಕೂಸಿನ ಕೂಡ ಏನ ವಾದಾ ಮಾಡೂದು ಅಂತ ಸುಮ್ಮನಾದೆ. ಹೆದರಿ ಹೇಳತಿದ್ದಳು ಪಾಪ, ಸಣ್ಣದು. ನಾ ಆಕೀನ ಮಾಫ್ ಮಾಡೇನ್ರಿ. ನಿಮ್ಮ ಮುಂದೂ ಸುಳ್ಳ ಹೇಳ್ಯಾಳ, ನೀವೂ ಮಾಫ್ ಮಾಡಿಬಿಡ್ರಿ. ಹ್ವಾದವರ ಮ್ಯಾಲ ಸಿಟ್ಟ ಇಟಗೋಬಾರದು."

ಅವಳು ಉತ್ತರಕ್ಕೆ ಕಾಯುತ್ತ ನಿಂತಳು. ಉತ್ತರ ಸಿಗದೆ ಹೋಗುವವಳಾಗಿರಲಿಲ್ಲ. ಅದಕ್ಕೆಂದೇ ಫಾತೋರ್ಡಾದಿಂದ ನಡೆದು ಬಂದಿದ್ದಳು. ಈಗ ಖರೆ ಹೇಳಿದರೆ ಅವಳ ಮಗಳು ಅವಳಿಗೆ ವಾಪಸು ಸಿಗುತ್ತಿದ್ದಳು. ಜೊತೆಗೆ, ಸಾಯುವ ಮಗಳ ಮಾತನ್ನು ನಂಬದೆ ಹೋದೆ, ಅವಳ ಹೊಟ್ಟೆಯನ್ನು ಸುಮ್ಮಸುಮ್ಮನೆ ತಿಕ್ಕಿಸಿದೆ ಎಂಬುದೂ ತಿಳಿಯುತ್ತಿತ್ತು. ಅವಳಿಗೆ ಆ ಸಂಕಟ ಬೇಡವೆಂದು ಸುಮ್ಮನಾದೆ ಎಂದು ನಾನು ಎಷ್ಟೋ ವರ್ಷ ನನಗೆ ಹೇಳಿಕೊಂಡಿದ್ದೇನೆ. ಅದು ಖರೆಯಲ್ಲ. ಬಾಗಿಲಲ್ಲಿ ಸಾಲಿತ್ತು, ಆಯಾ ನಿಂತಿದ್ದಳು, ನನಗೆ ನಾಚಿಕೆಯಾಯಿತು.

"ಆತವ್ವಾ" ಎಂದೆ, "ಮಾಫ್ ಮಾಡೇನಿ."

ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು.